ದಂಡು ಬಂದ ಮೇಲೆ ದಂಗೆ ಏಕೆ?

(ಗೂಡಲೂರಿನ ತೋಟ ಕಾರ್ಮಿಕರ ಕೂಟದಲ್ಲಿ ಮಾಡಿದ ಭಾಷಣ)



ಕಳೆದ ತಿಂಗಳು ಎಲೆ ತೂಗುವ ಕಡೆ ನಡೆದದ್ದನ್ನು ನಮ್ಮಲ್ಲಿ ಹಲವರು ಕಂಡಿದ್ದೇವೆ. ದೂರದೇಶದ ಬಾಂಬಿನ ಸುದ್ದಿ ಕೇಳಿದ ನಮ್ಮವನೊಬ್ಬ, ಜೊತೆಯಲ್ಲಿ ದುಡಿಯುವ ಮುಸ್ಲಿಂ ಸಹೋದರನನ್ನು “ನಿಮ್ಮವರು ಹೀಗೇಕೆ?” ಎಂದು ಕೇಳಿದ. ಆತ ಉತ್ತರ ಕೊಡಲಿಲ್ಲ. ಖಾಲಿ ಚೀಲವನ್ನು ಹೆಗಲಿಗೆ ಹಾಕಿಕೊಂಡು ಹೊರಟುಹೋದ. ನಾವು ಹತ್ತಾರು ಮಂದಿ ಅಲ್ಲೇ ನಿಂತಿದ್ದೆವು. ಒಬ್ಬರೂ ಬಾಯಿ ಬಿಡಲಿಲ್ಲ.

ಆ ಸಂಜೆ ಕೂಟದಲ್ಲಿ ದೊಡ್ಡ ವಾದವೇ ಆಯಿತು. ಉಗ್ರವಾದಕ್ಕೆ ಮತವೇ ಮೂಲವೆಂದು ಕೆಲವರು. ಪರದೇಶದ ದಂಡು ನುಗ್ಗಿದ್ದೇ ಮೂಲ, ಬೇರೇನೂ ಇಲ್ಲವೆಂದು ಮತ್ತೆ ಕೆಲವರು. ಈ ಎರಡು ಮಾತುಗಳನ್ನೂ ಇಂದು ಒರೆಗೆ ಹಚ್ಚಿ ನೋಡೋಣ.

ನಾವು ನಿಂತಿರುವ ನೆಲದಿಂದಲೇ ಆರಂಭಿಸೋಣ. ಈ ಗೂಡಲೂರು ಸೀಮೆ 1877ರವರೆಗೆ ಮಲಬಾರಿನ ವಯನಾಡಿಗೆ ಸೇರಿತ್ತು. ಮುದುಮಲೆಯ ಕಾಡು ದಾಟಿದರೆ ಆಚೆ ಮೈಸೂರು ಸೀಮೆ. 1799ರ ಮೇ 4ರಂದು ಶ್ರೀರಂಗಪಟ್ಟಣ ಇಂಗ್ಲಿಷ್ ಕಂಪನಿಯ ವಶವಾಯಿತು, ಟಿಪ್ಪು ಮಡಿದ. ಅವನ ಸೈನ್ಯ ಚದುರಿತು. ಕತ್ತಿ ಹಿಡಿಯಲು ಬಲ್ಲ ಸಾವಿರಾರು ಸಿಪಾಯಿಗಳಿಗೆ ಸಂಬಳವಿಲ್ಲ, ಯಜಮಾನನಿಲ್ಲ. ಅದೇ ಪಟ್ಟಣದ ಸೆರೆಯಿಂದ ಹೊರಬಿದ್ದ ಧೋಂಡಿಯ ವಾಘ ಇಂಥವರನ್ನೇ ಕೂಡಿಸಿಕೊಂಡು ಕಂಪನಿಯನ್ನು ಕಾಡಿದ. 1800ರ ಸೆಪ್ಟೆಂಬರಿನಲ್ಲಿ ವೆಲ್ಲೆಸ್ಲಿಯ ದಂಡು ಅವನನ್ನು ಕೊಂದಿತು.

ವಯನಾಡಿನ ಕಥೆ ಇನ್ನೂ ಉದ್ದ. ಪಳಶ್ಶಿ ರಾಜ ಮೊದಲು ಟಿಪ್ಪುವಿನ ವಿರುದ್ಧ ಕಂಪನಿಯ ಪಕ್ಷದಲ್ಲೇ ಇದ್ದವನು. ತನ್ನ ನಾಡಿನ ಕಂದಾಯದ ಅಧಿಕಾರವನ್ನು ಕಂಪನಿ ಬೇರೊಬ್ಬರಿಗೆ ಒಪ್ಪಿಸಿದಾಗ ತಿರುಗಿಬಿದ್ದ. ಅವನ ಸಂಗಡ ಇದ್ದವರು ಯಾರು? ನಾಯರ್ ಎಡಚೇನ ಕುಂಕನ್, ಕುರಿಚ್ಯರ ತಲಕ್ಕಲ್ ಚಂದು, ಮಾಪಿಳ್ಳೆ ಮುಖಂಡ ಅತ್ತನ್ ಗುರುಕ್ಕಳ್. ಮತ ಬೇರೆ ಬೇರೆ, ಹೋರಾಟ ಒಂದೇ. 1803ರಲ್ಲಿ ಕಲೆಕ್ಟರ್ ಮ್ಯಾಕ್ಲಿಯೋಡ್ ಕಂದಾಯವನ್ನೂ ನಾಣ್ಯದ ದರಗಳನ್ನೂ ಬದಲಿಸಿದಾಗ ದಂಗೆ ಊರೂರಿಗೆ ಹಬ್ಬಿತು. ಅವನ ನಂತರ ಬಂದ ರಿಕರ್ಡ್ಸ್ ಹಳೆಯ ದರಗಳನ್ನೇ ಮತ್ತೆ ತರಬೇಕಾಯಿತು. 1805ರ ನವೆಂಬರ್ 30ರಂದು ಪಳಶ್ಶಿ ರಾಜ ಸತ್ತ. ಇನ್ನು ಎಲ್ಲ ಮುಗಿಯಿತೆಂದು ಕಂಪನಿ ತಿಳಿಯಿತು. ಆದರೆ 1812ರಲ್ಲಿ ಕುರಿಚ್ಯರೂ ಕುರುಮರೂ ಮತ್ತೆ ಬಿಲ್ಲು ಹಿಡಿದರು. ಏಕೆ? ಧಾನ್ಯವಾಗಿ ಕೊಡುತ್ತಿದ್ದ ಕಂದಾಯವನ್ನು ಹಣವಾಗಿ ಕೊಡಬೇಕೆಂದು ಅಧಿಕಾರಿಗಳು ಪೀಡಿಸಿದ್ದರು. ನಾಯಕ ಸತ್ತಿದ್ದ, ಕಾರಣ ಸತ್ತಿರಲಿಲ್ಲ.

ಈಗ ಇರಾಕಿಗೆ ಬರೋಣ. 2003ರ ಮಾರ್ಚಿನಲ್ಲಿ ಅಮೆರಿಕದ ಮುಂದಾಳತನದ ಪಡೆಗಳು ಅಲ್ಲಿಗೆ ನುಗ್ಗಿದವು. ಮೇ 23ರಂದು ಒಂದೇ ಆಜ್ಞೆಯಿಂದ ಇರಾಕಿನ ಸೈನ್ಯವನ್ನು ವಿಸರ್ಜಿಸಲಾಯಿತು. ಲಕ್ಷಾಂತರ ಜನರ ಕೆಲಸ ಹೋಯಿತು, ಆಯುಧಗಳು ಮಾತ್ರ ಊರಲ್ಲೇ ಉಳಿದವು. ಮರುವರ್ಷ ಅಬು ಗ್ರೈಬ್ ಸೆರೆಮನೆಯ ಅವಮಾನದ ಚಿತ್ರಗಳು ಲೋಕಕ್ಕೆಲ್ಲ ಕಂಡವು. ಮುಂದೆ 2014ರಲ್ಲಿ ಮೊಸುಲ್ ನಗರವನ್ನು ಹಿಡಿದ ಐಸಿಸ್ ಗುಂಪಿನ ಮುಖಂಡರಲ್ಲಿ ಸದ್ದಾಮನ ಹಳೆಯ ಸೈನ್ಯಾಧಿಕಾರಿಗಳೂ ಇದ್ದರು. ಶ್ರೀರಂಗಪಟ್ಟಣದ ಪಾಠವನ್ನು ಯಾರೂ ಓದಿರಲಿಲ್ಲ.

ಹಾಗಾದರೆ ದಂಡು ಬಂದಲ್ಲೆಲ್ಲ ದಂಗೆಯೇ? ಅದೂ ಅಲ್ಲ. 1945ರಲ್ಲಿ ಜಪಾನು ಸೋತು ಪರರ ಕೈಸೇರಿತು. ಆದರೆ ಚಕ್ರವರ್ತಿಯನ್ನೂ ನಾಗರಿಕ ಆಡಳಿತವನ್ನೂ ಉಳಿಸಿದರು. ಆ ವರ್ಷವೇ ಕಾರ್ಮಿಕ ಸಂಘಗಳಿಗೆ ಕಾನೂನಿನ ಮಾನ್ಯತೆ ಬಂತು. ಮುಂದೆ ಗೇಣಿದಾರರಿಗೆ ಭೂಮಿ ಸಿಕ್ಕಿತು. ಅಲ್ಲಿ ದಂಗೆ ಏಳಲಿಲ್ಲ. ಎರಡು ದೇಶಗಳ ಚರಿತ್ರೆ ಬೇರೆ, ನಿಜ. ಆದರೂ ಗೆದ್ದವರು ಮೊದಲ ದಿನಗಳಲ್ಲಿ ಅನ್ನಕ್ಕೂ ಮಾನಕ್ಕೂ ಏನು ಮಾಡಿದರು ಎಂಬುದರ ಮೇಲೆ ಬಹಳಷ್ಟು ನಿಂತಿರುತ್ತದೆ.

ಮತವಾದಿಗಳಿಗೆ ಇದರಲ್ಲಿ ಪಾತ್ರವೇ ಇಲ್ಲವೆಂದು ನಾವು ಹೇಳುವುದಿಲ್ಲ. ಹಸಿವೂ ಅವಮಾನವೂ ಒಣಹುಲ್ಲು. ಕಿಡಿ ಹಾಕುವವನು ಬೇರೆ. ಹೊರಗಿನ ಹಣವೂ ಬಂದೂಕೂ ಅದಕ್ಕೆ ಗಾಳಿ. 1979ರ ಡಿಸೆಂಬರಿನಲ್ಲಿ ಸೋವಿಯತ್ ಸೈನ್ಯ ಅಫ್ಘಾನಿಸ್ತಾನಕ್ಕೆ ನುಗ್ಗಿದ ಮೇಲೆ ಅಮೆರಿಕ, ಪಾಕಿಸ್ತಾನ, ಸೌದಿ ಅರೇಬಿಯ ಸೇರಿ ಬೀಸಿದ ಗಾಳಿ ದಶಕಗಳವರೆಗೆ ನಿಲ್ಲಲಿಲ್ಲ. ಆದರೆ ಕಾರಣ ಹೇಳುವುದು ಬೇರೆ, ಕ್ಷಮೆ ಕೊಡುವುದು ಬೇರೆ. ಕೆಲಸ ಕಳೆದುಕೊಂಡ ಇರಾಕಿ ಸಿಪಾಯಿಗಳಲ್ಲಿ ಬಹುಮಂದಿ ಐಸಿಸ್ ಸೇರಲಿಲ್ಲ. ಸಂತೆಯಲ್ಲಿ ಬಾಂಬಿಟ್ಟವನು, 2014ರಲ್ಲಿ ಯಜೀದಿ ಹೆಣ್ಣುಮಕ್ಕಳನ್ನು ಮಾರಿದವನು ತನ್ನ ಪಾಪಕ್ಕೆ ತಾನೇ ಉತ್ತರ ಕೊಡಬೇಕು. ಅವರ ಕೈಯಲ್ಲಿ ಸತ್ತ ಮುಸ್ಲಿಮರ ಸಂಖ್ಯೆಯೂ ಚಿಕ್ಕದಲ್ಲ.

ಆದ್ದರಿಂದ ಇನ್ನು ಮುಂದೆ ಇಂಥ ಸುದ್ದಿ ಬಂದಾಗ ನಾವು ಕೇಳಬೇಕಾದ ಪ್ರಶ್ನೆಗಳಿವು: ಅಲ್ಲಿ ಯಾರ ಕೆಲಸ ಹೋಯಿತು? ಯಾರ ನೆಲ ಹೋಯಿತು? ಯಾರಿಗೆ ಅವಮಾನವಾಯಿತು? ಆಯುಧ ತಂದುಕೊಟ್ಟವರು ಯಾರು? ಆ ಸಿಟ್ಟನ್ನು ದ್ವೇಷವಾಗಿ ತಿರುಗಿಸಿದವರು ಯಾರು? ಈ ಒಂದು ಪ್ರಶ್ನೆಗೂ ಉತ್ತರ ಕೊಡಬೇಕಾದವನು ನಮ್ಮ ಪಕ್ಕದ ಸಾಲಿನಲ್ಲಿ ಎಲೆ ಕೀಳುವವನಲ್ಲ. ಬಗ್ದಾದಿನ ಲೆಕ್ಕವನ್ನು ಗೂಡಲೂರಿನ ಕೂಲಿಯವನಿಂದ ವಸೂಲು ಮಾಡುವುದು ನ್ಯಾಯವಲ್ಲ.

ಆ ದಿನ ಪ್ರಶ್ನೆ ಕೇಳಿದವನೊಬ್ಬನದೇ ತಪ್ಪೆಂದು ನಾವು ತಪ್ಪಿಸಿಕೊಳ್ಳುವಂತಿಲ್ಲ; ಸುಮ್ಮನೆ ನಿಂತ ನಮ್ಮೆಲ್ಲರದೂ ತಪ್ಪೇ. ಸೋಮವಾರ ಬೆಳಿಗ್ಗೆ ಅದೇ ಜಾಗಕ್ಕೆ ಎಲ್ಲರೂ ಹೋಗುತ್ತೇವೆ. ಆ ಸಹೋದರನೂ ಬರುತ್ತಾನೆ. ಮೊದಲ ಮಾತು ನಮ್ಮ ಕಡೆಯಿಂದ ಬರಲಿ.