ಇರುವೆ ಸಾಲು ಏನು ಹೇಳುತ್ತದೆ?



ಇರುವೆ ಸಾಲನ್ನು ನೋಡದವರು ನಮ್ಮಲ್ಲಿ ಯಾರೂ ಇಲ್ಲ. ಅಡಿಗೆಮನೆಯ ಮೂಲೆಯಲ್ಲಿ ಒಂದು ಚೂರು ಬೆಲ್ಲ ಬಿದ್ದಿರುತ್ತದೆ. ಮೊದಲು ಒಂದೇ ಇರುವೆ ಅದರ ಸುತ್ತ ಸುಳಿಯುತ್ತದೆ. ಸ್ವಲ್ಪ ಹೊತ್ತಿನಲ್ಲಿಯೇ ಗೋಡೆಯುದ್ದಕ್ಕೂ ಸಾಲು ಹತ್ತಿರುತ್ತದೆ. ಮಾತಿಲ್ಲದ ಈ ಜೀವಿ ತನ್ನವರಿಗೆ ಸುದ್ದಿ ಮುಟ್ಟಿಸಿದ್ದಾದರೂ ಹೇಗೆ?

ಸುದ್ದಿ ಹೋಗುವುದು ವಾಸನೆಯಿಂದ. ತಿನಿಸು ಕಂಡ ಇರುವೆ ಗೂಡಿಗೆ ಮರಳುವಾಗ ಹೊಟ್ಟೆಯ ತುದಿಯನ್ನು ನೆಲಕ್ಕೆ ತಾಗಿಸುತ್ತ, ದಾರಿಯುದ್ದಕ್ಕೂ ಒಂದು ಬಗೆಯ ರಸವನ್ನು ಸವರುತ್ತ ಬರುತ್ತದೆ. ಗೂಡಿನಲ್ಲಿರುವ ಇರುವೆಗಳು ತಮ್ಮ ಮೀಸೆಗಳಿಂದ ಆ ವಾಸನೆಯನ್ನು ಹಿಡಿದು ಹೊರಡುತ್ತವೆ. ಅಮೆರಿಕದ ವಿಜ್ಞಾನಿ ಎಡ್ವರ್ಡ್ ವಿಲ್ಸನ್ ಎಂಬವರು ಬೆಂಕಿ ಇರುವೆಯ ಹೊಟ್ಟೆಯಲ್ಲಿರುವ ಒಂದು ಸಣ್ಣ ಗ್ರಂಥಿಯನ್ನು ತೆಗೆದು, ಅದರ ರಸದಿಂದ ಗೆರೆ ಎಳೆದು ನೋಡಿದರು. ಇರುವೆಗಳು ಆ ಗೆರೆಯನ್ನೇ ಹಿಡಿದು ನಡೆದವು. ಇದನ್ನು ಅವರು 1959ರಲ್ಲಿ ಪ್ರಕಟಿಸಿದರು.

ತಿನಿಸು ಸಿಕ್ಕ ಇರುವೆ ಗೆರೆಯ ಮೇಲೆ ಮತ್ತೆ ಸವರುತ್ತದೆ. ಏನೂ ಸಿಗದೆ ಮರಳಿದ್ದು ಸವರುವುದಿಲ್ಲ. ಹೀಗಾಗಿ ತಿನಿಸು ಇರುವವರೆಗೆ ವಾಸನೆ ಬಲವಾಗಿರುತ್ತದೆ. ತೀರಿದ ಮೇಲೆ ವಾಸನೆ ಆರಿ, ಸಾಲೂ ಕರಗುತ್ತದೆ. ಒಂಟಿ ಬೆಂಕಿ ಇರುವೆ ಗಾಜಿನ ಮೇಲೆ ಎಳೆದ ಗೆರೆ ಸುಮಾರು ಎರಡು ನಿಮಿಷದಲ್ಲಿ ಆರಿಹೋಗುತ್ತದೆ.

ಇದನ್ನು ತಿಳಿದು ನಮಗೇನು ಲಾಭ ಎಂದು ನೀವು ಕೇಳಬಹುದು. ಲಾಭ ಉಂಟು.

ಅವರೆ ಗಿಡದ ಮೇಲೆ ಇರುವೆ ಸಾಲು ಹತ್ತಿದ್ದರೆ ಕುಡಿಯನ್ನು ತಿರುವಿ ನೋಡಿರಿ. ಅಲ್ಲಿ ಹೇನು ಕೂತಿರುವುದುಂಟು. ಹೇನು ಸುರಿಸುವ ಸಿಹಿ ರಸಕ್ಕಾಗಿ ಇರುವೆ ಬರುತ್ತದೆ. ಹೇನನ್ನು ತಿನ್ನುವ ಗುಲಗಂಜಿ ಹುಳುವನ್ನು ಓಡಿಸುತ್ತದೆ. ಹೇನು ಹಬ್ಬುವ ಮೊದಲೇ ಆ ಕುಡಿಯನ್ನು ಚಿವುಟಿ ನಾಶಮಾಡಿರಿ. ಹೇನು ಹೋದರೆ ಸಾಲೂ ಹೋಗುತ್ತದೆ.

ಒಟ್ಟಲಿನಲ್ಲಿ ಚೆಲ್ಲಿದ ಸಣ್ಣ ಬೀಜವನ್ನು ಇರುವೆ ಹೊರುತ್ತಿದ್ದರೆ, ಸಾಲನ್ನು ಹಿಂಬಾಲಿಸಿ ಗೂಡು ಎಲ್ಲಿದೆ ಎಂದು ಕಂಡುಕೊಳ್ಳಿರಿ. ಬೀಜವನ್ನು ಬಯಲಿಗೆ ಬಿಡದೆ ತೆಳುವಾಗಿ ಮಣ್ಣು ಮುಚ್ಚಿರಿ.

ತಾಯಂದಿರಿಗೆ ಒಂದು ಮಾತು. ಹತ್ತು ಇರುವೆ ಕೊಂದರೆ ಸಾಲು ನಿಲ್ಲದು, ಗೆರೆ ಉಳಿದಿರುತ್ತದೆ. ಮೊದಲು ತಿನಿಸನ್ನು ತೆಗೆಯಿರಿ, ಆಮೇಲೆ ದಾರಿಯನ್ನು ಸೋಪಿನ ನೀರಿನಿಂದ ಒರಸಿರಿ.

ಇರುವೆಗಳೆಲ್ಲ ಹಗೆಗಳಲ್ಲ. ಮಾವು, ಗೇರು ಮರಗಳಲ್ಲಿ ಎಲೆ ಹೊಲಿದು ಗೂಡು ಕಟ್ಟುವ ಚಗಳಿ ಇರುವೆ ಅನೇಕ ಕೀಟಗಳನ್ನು ಹಿಡಿದು ತಿನ್ನುತ್ತದೆ. ಕಂಡಕಂಡಲ್ಲಿ ವಿಷ ಸುರಿದರೆ ಇಂಥ ನೆಂಟರನ್ನೂ ಕಳೆದುಕೊಳ್ಳುತ್ತೇವೆ. ಆದುದರಿಂದ ಸಾಲು ಕಂಡರೆ ತುಳಿಯುವ ಮೊದಲು ಅದರ ಎರಡು ತುದಿಗಳನ್ನೂ ನೋಡಿರಿ.