ಕತೆಯೊಳಗಿನ ಕಾಲ ಮುರಿಯುವುದೇಕೆ?

(ಪಾಂಡವಪುರದಲ್ಲಿ ಗಿರಣಿ ಕಾರ್ಮಿಕರು ಹಾಗೂ ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಹೊಸ ಕಾದಂಬರಿಗಳಿಗೆ ತಲೆಬುಡವಿಲ್ಲ, ಹಿಂದಿನದು ಮುಂದೆ, ಮುಂದಿನದು ಹಿಂದೆ ಬರುತ್ತದೆ ಎಂಬ ದೂರು ನಮ್ಮಲ್ಲುಂಟು. ದೂರು ಸುಳ್ಳಲ್ಲ. ಆದರೆ ಹಾಗೆ ಬರೆಯುವುದಕ್ಕೆ ಕಾರಣವೂ ಉಂಟು.

ಕಾರ್ಖಾನೆಯ ಸೈರನ್ ಕಾಲವನ್ನು ಪಾಳಿಗಳಾಗಿ ಕತ್ತರಿಸಿ ಸಾಲಾಗಿ ಇಡುತ್ತದೆ. ಅಂಗಡಿಯ ಖಾತೆ ಪುಸ್ತಕವೂ ತಾರೀಖಿನ ಕ್ರಮದಲ್ಲೇ ನಡೆಯುತ್ತದೆ. ಸಾಲ ಮಾಡಿದವನ ಮನಸ್ಸು ಹಾಗೆ ನಡೆಯುವುದೇ? ಮಗಳ ಮದುವೆ, ಬತ್ತಿದ ಬಾವಿ, ನಾಳೆಯ ಬಡ್ಡಿ ಮೂರೂ ಅವನಿಗೆ ಒಂದೇ ಗಳಿಗೆಯಲ್ಲಿ ಎದುರು ನಿಲ್ಲುತ್ತವೆ. ನಾಗಮಂಗಲ, ಕೃಷ್ಣರಾಜಪೇಟೆ ಕಡೆಯ ಮುದುಕಿಯರು ಇಸವಿ ಹೇಳುತ್ತಿರಲಿಲ್ಲ. ಪ್ಲೇಗು ಬಂದ ವರ್ಷ, ಕಟ್ಟೆ ತುಂಬಿದ ವರ್ಷ ಎನ್ನುತ್ತಿದ್ದರು.

ಕನ್ನಂಬಾಡಿಯನ್ನೇ ನೋಡಿ. 1911ರಲ್ಲಿ ಅಣೆಕಟ್ಟಿನ ಕೆಲಸ ಆರಂಭವಾಯಿತು. ಹಳೆಯ ಊರು ನೀರಿನಡಿಗೆ ಹೋಯಿತು. ನೀರು ತೀರ ಇಳಿದ ವರ್ಷಗಳಲ್ಲಿ ವೇಣುಗೋಪಾಲಸ್ವಾಮಿಯ ಗುಡಿ ಮೇಲೆ ಕಾಣುತ್ತಿತ್ತು. (ಆಮೇಲೆ ಅದನ್ನು ಹೊಸ ಕನ್ನಂಬಾಡಿಯ ದಡದಲ್ಲಿ ಮತ್ತೆ ಕಟ್ಟಿದರು.) ಗುಡಿ ಕಂಡ ದಿನ, ಮುಳುಗಿದ ಊರೆಲ್ಲ ಇವತ್ತಿನದಾಗುತ್ತಿತ್ತು. ಕಾದಂಬರಿಯಲ್ಲಿ ಒಂದೇ ಚಿತ್ರ ಮತ್ತೆ ಮತ್ತೆ ಮೇಲೇಳುವುದೂ ಹೀಗೆಯೇ.

ಐರ್ಲೆಂಡಿನ ಜಾಯ್ಸ್ 1922ರ ‘ಯುಲಿಸಿಸ್’ನಲ್ಲಿ ಡಬ್ಲಿನ್ ನಗರದ ಒಂದೇ ದಿನವನ್ನು ಹೆಬ್ಬೊತ್ತಗೆ ಮಾಡಿದ. ನಮ್ಮ ಯಶವಂತ ಚಿತ್ತಾಲರ ‘ಶಿಕಾರಿ’ 1979ರಲ್ಲಿ ಬಂತು. ಮುಂಬಯಿಯ ಕಂಪನಿ ಅಧಿಕಾರಿಯೊಬ್ಬನ ದಿಗಿಲಿನಲ್ಲಿ ಹಳೆಯದೂ ಹೊಸದೂ ಕಲಸಿಹೋಗುತ್ತವೆ. ಇವೆಲ್ಲ ಹೆಚ್ಚಾಗಿ ಒಬ್ಬೊಬ್ಬರ ತಲೆಯೊಳಗಿನ ಕಾಲ. ಇಡೀ ಊರಿನ ಕಾಲ ಒಡೆದು ನಿಲ್ಲುವುದು ದೇವನೂರ ಮಹಾದೇವರ ‘ಕುಸುಮಬಾಲೆ’ಯಲ್ಲಿ.

ದಲಿತ ಹುಡುಗ ಚನ್ನ, ಮೇಲುಜಾತಿಯ ಕುಸುಮ, ಚನ್ನನ ಕೊಲೆಯಾಗುತ್ತದೆ. ಪೊಲೀಸರ ಪಂಚನಾಮೆಯಂತೆ ಮೊದಲು ಇದು, ಆಮೇಲೆ ಅದು ಎಂದು ಅವರು ಬರೆಯುವುದಿಲ್ಲ. ಊರೇ ಬಾಯಿ ಮುಚ್ಚಿಕೊಂಡಿರುವಾಗ ಸಾಲಾಗಿ ಹೇಳುವವರು ಯಾರು? ರಾತ್ರಿಯಲ್ಲಿ ದೀಪಗಳ ಆತ್ಮಗಳು, ಜೋತಮ್ಮರು, ಒಂದು ಕಡೆ ಸೇರಿ ತಂತಮ್ಮ ಮನೆಯ ಸಂಗತಿ ಆಡಿಕೊಳ್ಳುತ್ತಾರೆ. ಒಂದು ಮನೆಯ ದೀಪ ತಾನು ಕಂಡಷ್ಟನ್ನೇ ಬಲ್ಲದು. ತುಂಡುಗಳನ್ನು ಕೂಡಿಸುವ ಕೆಲಸ ಓದುವವನದು. ಕೂಡಿಸುತ್ತ ಕೂಡಿಸುತ್ತ ಅವನೇ ಸಾಕ್ಷಿಯಾಗಿಬಿಡುತ್ತಾನೆ. ನೇರವಾಗಿ ಹೇಳಿದ್ದರೆ ಕೊಲೆ ಆಗಿಹೋದ ಸಂಗತಿಯಾಗುತ್ತಿತ್ತು. ಇಲ್ಲಿ ಅದು ಮುಗಿಯುವುದೇ ಇಲ್ಲ.

ಭಾಷೆ ಕಷ್ಟವೆಂದು ಗೊಣಗಿದವರು ಓದುಬಲ್ಲವರೇ. 1990ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು, ಅದಿರಲಿ. ಅದು ನಂಜನಗೂಡು ಸೀಮೆಯ ಆಡುಮಾತು. ಶ್ರೀರಂಗಪಟ್ಟಣದ ಕಿವಿಗೆ ಅಷ್ಟೇನೂ ದೂರದ್ದಲ್ಲ. ಬರಿಗಣ್ಣಲ್ಲಿ ಓದಬೇಡಿ. ಪಾಳಿ ಮುಗಿದ ಮೇಲೆ ನಾಲ್ವರು ಕೂತು, ಒಬ್ಬರು ಗಟ್ಟಿಯಾಗಿ ಓದಿ. ಕತೆ ತುಂಡಾದ ಕಡೆ ನಿಲ್ಲಿಸಿ, ಈಗ ಮಾತಾಡಿದ್ದು ಯಾವ ಮನೆಯ ದೀಪ ಎಂದು ಒಬ್ಬರನ್ನೊಬ್ಬರು ಕೇಳಿಕೊಳ್ಳಿ.