ಲಾಳಿಯೂ ಮಗ್ಗವೂ
(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ಉಳಿತಾಯದ ಲೆಕ್ಕವನ್ನು ನಡೆಸುವ ಟಾಮ್‌ಕ್ಯಾಟ್ ಸರ್ವರನ್ನು ಹೊಸದು ಮಾಡಬೇಕೆಂಬ ಸಲಹೆ ಬಂದಿದೆ. ಲಾಳಿ ಹೊಸದಾದರೆ ಸಾಲದು, ಮಗ್ಗಕ್ಕೆ ಹೊಂದಬೇಕು. ಮಿಲ್ಲಿನಲ್ಲಿ ದುಡಿದವರಿಗೆ ಇದನ್ನು ನಾನು ಹೇಳಬೇಕಾಗಿಲ್ಲ.

ಟಾಮ್‌ಕ್ಯಾಟ್ 9ಕ್ಕೆ ಜಾವಾ 8 ಸಾಕು. 10.1ಕ್ಕೆ ಜಾವಾ 11, ಟಾಮ್‌ಕ್ಯಾಟ್ 11ಕ್ಕೆ ಜಾವಾ 17 ಬೇಕೇ ಬೇಕು. ಮೇಲಾಗಿ 10ರಿಂದೀಚೆಗೆ 'ಜಾವಾಎಕ್ಸ್' ಎಂಬ ಒಳಹೆಸರುಗಳು 'ಜಕಾರ್ತಾ' ಎಂದಾಗಿವೆ. 9ರಲ್ಲಿ ನಡೆದ ತಂತ್ರಾಂಶ ಮಾರ್ಪಡಿಸದೆ ಅಲ್ಲಿ ನಡೆಯದು. ಯಂತ್ರದ ಮೆಮೊರಿಯೂ ಸಾಲಬೇಕು.

ಆದ್ದರಿಂದ ಕಾರ್ಯಕಾರಿ ಸಮಿತಿಯವರು ಹಣ ಕೊಡುವ ಮೊದಲು ಇವನ್ನೆಲ್ಲ ಬರೆಸಿಕೊಳ್ಳಲಿ. ಒಂದು ತಿಂಗಳ ಲೆಕ್ಕವನ್ನು ಬೇರೆ ಯಂತ್ರದಲ್ಲಿ ನಡೆಸಿ ತಾಳೆ ನೋಡಲಿ. ಅಲ್ಲಿಯವರೆಗೆ ಹಳೆಯದನ್ನು ಕೀಳಬಾರದು. ಅದರಲ್ಲಿರುವುದು ತಟ್ಟೆ ತೊಳೆದು, ರಾತ್ರಿ ಪಾಳಿ ದುಡಿದು ಕೂಡಿಟ್ಟ ಕಾಸು.